ನಳ್ಳಿ ನೀರು ಗಡಸಲ್ಲ, ಭಯಪಡಬೇಕಾದ್ದು ಬೇರೆಯೇ ಇದೆ

ಮಂಗಳೂರಿನ ಬಂದರು, ಕಂದುಕ, ಕುದ್ರೋಳಿ ಕಡೆಯ ಮನೆಗಳಿಗೆ ನೀರಿನ ಮೆಷಿನ್ ಮಾರಲು ಬರುವವರು ತೋರಿಸುವ ಆಟ ಹೆಚ್ಚಾಗಿ ಒಂದೇ. ಮೇಜಿನ ಮೇಲೆ ಎರಡು ಗ್ಲಾಸ್ ಇಡುತ್ತಾರೆ. ಒಂದರಲ್ಲಿ ನಮ್ಮ ಮನೆಯ ನೀರು, ಇನ್ನೊಂದರಲ್ಲಿ ಅವರು ತಂದ ಆರ್‌ಓ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಇಳಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ನಮ್ಮ ನೀರು ಕೆಸರಿನ ಬಣ್ಣಕ್ಕೆ ತಿರುಗುತ್ತದೆ, ಅವರದ್ದು ತಿಳಿಯಾಗಿಯೇ ಇರುತ್ತದೆ. "ನೋಡಿ ಮೇಡಂ, ಇದನ್ನೇ ನೀವು ಮಕ್ಕಳಿಗೆ ಕುಡಿಸುತ್ತಿರುವುದು" ಅಂದುಬಿಟ್ಟರೆ ಯಾವ ಉಮ್ಮನಿಗೆ ಎದೆ ಧಸಕ್ಕೆನ್ನುವುದಿಲ್ಲ? ಹತ್ತು-ಹದಿನೈದು ಸಾವಿರದ ಮೆಷಿನ್ ಆ ವಾರವೇ ಗೋಡೆಗೆ ಬರುತ್ತದೆ.

ಆ ಕೆಸರು ನೀರಿನದ್ದಲ್ಲ, ಕಡ್ಡಿಯದ್ದು. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದಾಗಿರುತ್ತದೆ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಹರಿದಾಗ ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ಆರ್‌ಓ ನೀರಿನಲ್ಲಿ ಲವಣ ತೀರಾ ಕಡಿಮೆ, ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಹಾಗಾಗಿ ತುಕ್ಕೂ ಇಲ್ಲ. ಅವರದೇ ಗ್ಲಾಸಿಗೆ ಒಂದು ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಕಡ್ಡಿ ಇಳಿಸಲು ಹೇಳಿ, ಅದೂ ಕೆಸರಾಗುತ್ತದೆ. ಮಾರುವವರು ಇದಕ್ಕೆ ಒಪ್ಪುವುದು ಕಡಿಮೆ.

ಇನ್ನು ಗಡಸುತನದ ಮಾತು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಹೆಚ್ಚಿದ್ದರೆ ಅದು ಗಡಸು ನೀರು. ಸೋಪಿನ ನೊರೆ ಬರುವುದಿಲ್ಲ, ಗೀಸರಿನ ಒಳಗೆ, ಚಾ ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಬೆಂಗಳೂರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಕೂದಲು ಒರಟಾಯಿತು ಎಂದು ದೂರುವುದು ಅಲ್ಲಿಯ ಬೋರ್‌ವೆಲ್ ನೀರಿನ ಬಗ್ಗೆ. ಗಟ್ಟಿ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದು. ಗಲ್ಫಿನಲ್ಲಿರುವ ಮಗ ಫೋನಿನಲ್ಲಿ "ಉಮ್ಮ, ಆರ್‌ಓ ಹಾಕಿಸಿ" ಅನ್ನುವುದಕ್ಕೂ ಕಾರಣ ಇದೆ. ಅವನು ಅಲ್ಲಿ ಬಳಸುವುದು ಬಹುತೇಕ ಸಮುದ್ರದ ಉಪ್ಪು ತೆಗೆದ ನೀರು. ಅಲ್ಲಿಗೆ ಅದು ಬೇಕೇಬೇಕು.

ನಮ್ಮ ನಳ್ಳಿಯಲ್ಲಿ ಬರುವುದು ನೇತ್ರಾವತಿಯ ನೀರು. ಬಂಟ್ವಾಳ ತಾಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನಿಂದ ದಿನಕ್ಕೆ ಸುಮಾರು 160 ದಶಲಕ್ಷ ಲೀಟರ್ ನಗರಕ್ಕೆ ಬರುತ್ತದೆ. ಘಟ್ಟದಲ್ಲಿ ಸುರಿದ ಮಳೆ ಬೇಗ ಹರಿದು ಬಂದ ನೀರು, ಹಾಗಾಗಿ ಮೆದು. ನಮ್ಮ ಬಾವಿಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಕಂಡ ಮುರಕಲ್ಲಿನ ನೆಲದಲ್ಲಿ ಕ್ಯಾಲ್ಸಿಯಂ ಯಾವತ್ತೋ ತೊಳೆದು ಹೋಗಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಸರಿ, ಕರಗಿದ ಲವಣಗಳ ಒಟ್ಟು, ಅಂದರೆ ಟಿಡಿಎಸ್, 500 ತನಕ ಸರಿ. ತುಂಬೆ ನೀರು ಇದಕ್ಕಿಂತ ಎಷ್ಟೋ ಕೆಳಗೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆ ನಿಲ್ಲಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿದ್ದು ಇದೇ ಕಾರಣಕ್ಕೆ. ಒಂದು ಕೊಡ ನೀರು ಕೊಡಲು ಅದು ಎರಡು-ಮೂರು ಕೊಡ ಹೊರಗೆ ಚೆಲ್ಲುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನಲ್ಲಿ ಇದು ಎಂಥ ಲೆಕ್ಕ?

ಆರ್‌ಓ ಬೇಕಾದ ಮನೆಗಳೂ ಇವೆ, ಇಲ್ಲವೆಂದಲ್ಲ. ನದಿ ಮತ್ತು ಸಮುದ್ರದ ನಡುವಿನ ಬೆಂಗ್ರೆ, ಉಳ್ಳಾಲದ ಕಡಲ ಬದಿ, ಬಂದರಿನ ಕೆಲವು ಬಾವಿಗಳಲ್ಲಿ ಎಪ್ರಿಲ್-ಮೇ ಬಂದರೆ ನೀರು ಉಪ್ಪಾಗುತ್ತದೆ. ಅಂಥ ಬಾವಿಯನ್ನೇ ನಂಬಿದವರಿಗೆ ಬೇರೆ ದಾರಿ ಇಲ್ಲ. ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶ ಹೆಚ್ಚು. ತೆಗೆದಿಟ್ಟ ನೀರು ಬೆಳಗಾಗುವಾಗ ಕೆಂಪಾಗುತ್ತದೆ, ಚಾ ಕಪ್ಪಾಗುತ್ತದೆ, ಬಿಳಿ ಬಟ್ಟೆಯಲ್ಲಿ ಕಲೆ ಕೂರುತ್ತದೆ. ಇದೂ ಗಡಸುತನ ಅಲ್ಲ, ಇದಕ್ಕೆ ಬೇರೆ ಫಿಲ್ಟರ್ ಇದೆ.

ನಿಜವಾದ ಭಯ ಇರುವುದು ಯಾವ ಮೀಟರಿಗೂ ಕಾಣದ ಕಡೆ. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂಬುದನ್ನು ಮಾತ್ರ. ಪಾಯಿಖಾನೆಯ ರೋಗಾಣು ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. 50 ತೋರಿಸಿದ ನೀರಿನಲ್ಲೇ ಟೈಫಾಯ್ಡ್ ಇರಬಹುದು, ಕಾಮಾಲೆ ಇರಬಹುದು.

ಇದು ಎಲ್ಲಿಂದ ಬರುತ್ತದೆ? ಬಾವಿಗೂ ಪಾಯಿಖಾನೆ ಗುಂಡಿಗೂ ಕನಿಷ್ಠ 50 ಅಡಿ ದೂರ ಇರಬೇಕು ಎನ್ನುತ್ತವೆ ಆರೋಗ್ಯ ಇಲಾಖೆಯವರು ಓದುವ ಪುಸ್ತಕಗಳು. ನಮ್ಮ ಮನೆಗಳು ಎಷ್ಟರಲ್ಲಿವೆ? 5 ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದು ಬದಿ ಸುಮಾರು 47 ಅಡಿ. ಈ ತುದಿಯಲ್ಲಿ ಬಾವಿ, ಆ ತುದಿಯಲ್ಲಿ ಗುಂಡಿ ಮಾಡಿದರೂ ಲೆಕ್ಕ ಸರಿಹೋಗುವುದು ಕಷ್ಟ. ಮೂರು ಸೆಂಟ್ಸಿನವರು ಏನು ಮಾಡಬೇಕು? ನಮ್ಮ ಗುಂಡಿ ದೂರ ಇದ್ದರೂ ಪಕ್ಕದವರ ಗುಂಡಿ ನಮ್ಮ ಕಾಂಪೌಂಡಿಗೆ ತಾಗಿಯೇ ಇರುತ್ತದೆ. ಮುರಕಲ್ಲು ತೂತುತೂತಿನ ಕಲ್ಲು, ಮೊದಲ ಜೋರು ಮಳೆಗೆ ಒಂದು ಕಡೆಯದ್ದು ಇನ್ನೊಂದು ಕಡೆಗೆ ಇಳಿಯಲು ಹೆಚ್ಚು ಹೊತ್ತು ಬೇಡ.

ನಳ್ಳಿಯ ವಿಷಯ ಬೇರೆ. ಶುದ್ಧ ಮಾಡಿ, ಕ್ಲೋರಿನ್ ಹಾಕಿ ಬಿಟ್ಟ ನೀರು ದಾರಿಯಲ್ಲಿ ಕೆಡುತ್ತದೆ. 2016, 2019, 2023ರ ಬೇಸಿಗೆಗಳಲ್ಲಿ ತುಂಬೆಯಲ್ಲಿ ನೀರು ಇಳಿದು ನಗರಕ್ಕೆ ಸರದಿಯಲ್ಲಿ ಬಿಟ್ಟದ್ದು ನೆನಪಿರಬಹುದು. ನೀರು ನಿಂತಾಗ ಪೈಪಿನ ಒಳಗೆ ಒತ್ತಡ ಇರುವುದಿಲ್ಲ. ಎಲ್ಲಿ ಸೋರುತ್ತಿತ್ತೋ ಅಲ್ಲಿಂದ ಹೊರಗಿನ ಚರಂಡಿ ನೀರನ್ನು ಪೈಪೇ ಎಳೆದುಕೊಳ್ಳುತ್ತದೆ. ಆದ್ದರಿಂದ ಎರಡು ದಿನದ ಮೇಲೆ ನಳ್ಳಿ ಬಂದರೆ ಮೊದಲ ನಾಲ್ಕೈದು ಕೊಡ ಅಂಗಳಕ್ಕೆ, ಗಿಡಕ್ಕೆ ಹೋಗಲಿ, ಅಡುಗೆ ಮನೆಗೆ ಬೇಡ. ಇದಕ್ಕಿಂತಲೂ ಹೆಚ್ಚಾಗಿ ಕಾಣುವ ತಪ್ಪು ಸಂಪಿನಲ್ಲಿ ಆಗುತ್ತದೆ. ನಳ್ಳಿ ನೀರು, ಬಾವಿ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬಿದ್ದು, ಮೇಲಿನ ಟ್ಯಾಂಕಿಗೆ ಹೋಗಿ, ಹತ್ತಾರು ಫ್ಲ್ಯಾಟುಗಳಿಗೆ ಇಳಿಯುತ್ತದೆ. ಒಂದು ಕೆಟ್ಟರೆ ಮೂರೂ ಕೆಟ್ಟ ಹಾಗೆ. ಟ್ಯಾಂಕ್ ಕಡೆಯದಾಗಿ ತೊಳೆದದ್ದು ಯಾವಾಗ ಎಂದು ಕೇಳಿದರೆ ಅಸೋಸಿಯೇಷನ್‌ನವರು ಮುಖ ಮುಖ ನೋಡುತ್ತಾರೆ.

ನಮ್ಮಲ್ಲಿ ಕೇಳುವ ಇನ್ನೊಂದು ಪ್ರಶ್ನೆ, "ಉಸ್ತಾದರೇ, ವುಝೂ ಮಾಡುವ ನೀರು ಅಲ್ವಾ, ಕುಡಿದರೆ ಏನು?" ಇವೆರಡು ಬೇರೆ ಬೇರೆ ಲೆಕ್ಕ. ಶಾಫಿ ಫಿಕ್‌ಹ್ ಪ್ರಕಾರ ಎರಡು ಖುಲ್ಲತ್, ಅಂದರೆ ಸುಮಾರು 200 ಲೀಟರ್ ಮತ್ತು ಅದಕ್ಕಿಂತ ಹೆಚ್ಚಿನ ನೀರಿಗೆ ನಜಸ್ ತಾಗಿದರೂ ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ಅದು ಶುದ್ಧವೇ. ಬಾವಿ, ಮಸೀದಿಯ ಹೌಳ್ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಆದರೆ ಆ ನಿಯಮ ಇಬಾದತ್‌ನ ಶುದ್ಧಿಗೆ ಇರುವುದು, ಹೊಟ್ಟೆಯ ಕಾಯಿಲೆಗೆ ಅಲ್ಲ. ಕಾಮಾಲೆಯ ರೋಗಾಣು ನೀರಿನ ಬಣ್ಣ ಬದಲಿಸುವುದಿಲ್ಲ. ಮದ್ರಸದ ಮಕ್ಕಳು ಆಟದ ಮಧ್ಯೆ ಓಡಿಬಂದು ವುಝೂ ನಳ್ಳಿಗೆ ಬಾಯಿ ಕೊಡುವುದನ್ನು ದಿನಾ ನೋಡುವವನಾದ್ದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಇನ್ನು ಮೆಷಿನ್ ಹೊರಗೆ ಬಿಡುವ ನೀರಿನಲ್ಲಿ ವುಝೂ ಆಗುತ್ತದೆಯೇ ಎಂದು ಕೇಳುವವರಿಗೆ: ಧಾರಾಳ ಆಗುತ್ತದೆ. ಸಮುದ್ರದ ನೀರಿನಲ್ಲೇ ಆಗುವುದಾದರೆ ಇದಕ್ಕೇನು?

ಮನೆಯಲ್ಲಿ ಮಾಡಬೇಕಾದ್ದರಲ್ಲಿ ಕುದಿಸುವುದಕ್ಕಿಂತ ಅಗ್ಗದ್ದು ಇಲ್ಲ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಬಿಸಿಯಾದರೆ ಸಾಲದು. ಗ್ಯಾಸ್ ಉಳಿಸಬೇಕೆಂದು ಮೆಷಿನ್ ತೆಗೆದುಕೊಳ್ಳುವವರು ತಿಳಿ ನೀರಿಗೆ ಯುವಿ ಫಿಲ್ಟರ್ ಸಾಕಾಗುತ್ತದೆಯೇ ಎಂದು ಮೊದಲು ನೋಡಲಿ, ಅದು ನೀರು ಚೆಲ್ಲುವುದಿಲ್ಲ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವವರು ಸಾಮಾನ್ಯವಾಗಿ ಕೈಗೆ ಬಂದಷ್ಟು ಹಾಕುತ್ತಾರೆ. 1,000 ಲೀಟರಿಗೆ ಎರಡೂವರೆ ಗ್ರಾಂ ಎಂಬುದು ಲೆಕ್ಕ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂ. ಮೂರು ಪವನಿನ ತೂಕ, ಅಷ್ಟೇ. ಹೊಸ ಪ್ಯಾಕೆಟಿನ ಪೌಡರ್ ಆಗಬೇಕು, ತೆರೆದಿಟ್ಟದ್ದರಲ್ಲಿ ಶಕ್ತಿ ಇರುವುದಿಲ್ಲ. ಬಕೆಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಚೆನ್ನಾಗಿ ಕಲಕಬೇಕು, ಒಂದು ಗಂಟೆ ನೀರು ಎತ್ತಬಾರದು. ಅಡಿಯ ಸುಣ್ಣ ಚೆಲ್ಲಿಬಿಡಿ. ಅದನ್ನೂ ಬಾವಿಗೆ ಸುರಿದರೆ ಮೆದು ನೀರನ್ನು ನಾವೇ ಗಡಸು ಮಾಡಿದ ಹಾಗೆ.

ನೀರು ಪರೀಕ್ಷಿಸಲು ಹೈಡ್ರೋಜನ್ ಸಲ್ಫೈಡ್ ಬಾಟ್ಲಿ ಎಂಬ ಚಿಕ್ಕ ವಸ್ತು ಇದೆ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು 1982ರಲ್ಲಿ ತಿಳಿಸಿಕೊಟ್ಟ ಉಪಾಯ. ಗುರುತಿನ ತನಕ ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ, ಕಪ್ಪಾದರೆ ಕೊಳಚೆಯ ಅಂಶ ಸೇರಿದೆ ಎಂದು ತಿಳಿಯಬೇಕು. ಮಸೀದಿ ಕಮಿಟಿ, ಫ್ಲ್ಯಾಟಿನ ಅಸೋಸಿಯೇಷನ್ ಮಳೆಗಾಲದ ಮೊದಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ಇದನ್ನು ಮಾಡಿ ನೋಟಿಸ್ ಬೋರ್ಡಿನಲ್ಲಿ ಹಾಕಲಿ. ಕಪ್ಪಾದ ನೀರನ್ನು ಲ್ಯಾಬಿಗೆ ಕೊಡಬೇಕು. ಸೋಡಾ ಬಾಟ್ಲಿಯಲ್ಲಿ ತುಂಬಿಸಿಕೊಂಡು ಹೋಗಬೇಡಿ, ಲ್ಯಾಬಿನವರು ಕೊಡುವ ಶುದ್ಧ ಬಾಟ್ಲಿಯನ್ನು ಮೊದಲೇ ತಂದಿಟ್ಟುಕೊಳ್ಳಿ. ನೀರು ತೆಗೆದ ದಿನವೇ, ಮಂಜುಗಡ್ಡೆಯಲ್ಲಿಟ್ಟು ತಲುಪಿಸಬೇಕು. ಶನಿವಾರ ಮಧ್ಯಾಹ್ನ ತೆಗೆದರೆ ಆದಿತ್ಯವಾರ ಕಳೆಯುವಾಗ ಆ ನೀರು ಪರೀಕ್ಷೆಗೆ ಬರುವುದಿಲ್ಲ. ಸೋಮವಾರ ಬೆಳಗ್ಗೆ ಸುಬ್‌ಹಿ ನಮಾಝ್ ಮುಗಿಸಿ ತೆಗೆದುಕೊಂಡರೆ ಆಫೀಸ್ ತೆರೆಯುವ ಹೊತ್ತಿಗೆ ಅಲ್ಲಿರಬಹುದು.