ಒಕ್ಕೂಟದ ಒಡಕು, ವರಮಾನದ ಪಾಲು: ಅಮೆರಿಕದ ವಿಶ್ವವಿದ್ಯಾಲಯ ಕ್ರೀಡೆಯ ಲೆಕ್ಕಾಚಾರ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಿಶ್ವವಿದ್ಯಾಲಯಗಳ ನಡುವಣ ಕ್ರೀಡೆಯು, ನಮ್ಮಲ್ಲಿಯ ಅಂತರ ಕಾಲೇಜು ಪಂದ್ಯಾವಳಿಗಳಂತೆ, ಪಠ್ಯೇತರ ಚಟುವಟಿಕೆಯ ಶೀರ್ಷಿಕೆಯಡಿ ಬರೆದು ಮುಗಿಸುವ ಸಣ್ಣ ವೆಚ್ಚವಲ್ಲ. ಅದು ದೂರದರ್ಶನ ಪ್ರಸಾರದ ಹಕ್ಕುಗಳ ಮೇಲೆ ನಿಂತಿರುವ, ನೂರಾರು ಕೋಟಿ ಡಾಲರುಗಳ ವಹಿವಾಟು. ಈ ವಹಿವಾಟಿನ ಮುಖ್ಯ ಭಾಗವನ್ನು ನಡೆಸುವವು ಬಿಡಿ ವಿಶ್ವವಿದ್ಯಾಲಯಗಳಲ್ಲ. ‘ಕಾನ್ಫರೆನ್ಸ್’ ಎಂಬ ಹೆಸರಿನ ಅವುಗಳ ಒಕ್ಕೂಟಗಳು. 2021ರಿಂದ 2024ರವರೆಗಿನ ಅವಧಿಯಲ್ಲಿ, ತನ್ನ ಮೂಲವನ್ನು 1915ಕ್ಕೆ ಒಯ್ಯುವ ಇಂತಹ ಒಂದು ಒಕ್ಕೂಟವು ಹನ್ನೆರಡು ಸದಸ್ಯರಿಂದ ಎರಡಕ್ಕೆ ಇಳಿಯಿತು. ಇನ್ನೊಂದು ತನ್ನದೇ ಸದಸ್ಯರೊಡನೆ ಮೂರು ರಾಜ್ಯಗಳ ನ್ಯಾಯಾಲಯಗಳಲ್ಲಿ ವ್ಯಾಜ್ಯಕ್ಕೆ ನಿಂತಿತು. ಜಂಟಿ ವರಮಾನವನ್ನು ಹಂಚಿಕೊಳ್ಳುವ ಯಾವುದೇ ಸಂಘ, ಸಹಕಾರಿ ಅಥವಾ ಪಾಲುದಾರಿಕೆಯ ವ್ಯವಹಾರ ಬಲ್ಲವರಿಗೆ ಈ ಪ್ರಕರಣಗಳು ಪರಿಚಿತವೆನಿಸುವುವು.

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟ. ವರಮಾನದ ಬಹುಪಾಲು ಅದರಿಂದಲೇ ಬರುತ್ತದೆ. ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್, ಟೆನಿಸ್ ಮುಂತಾದ ವಿಭಾಗಗಳು ಸಾಮಾನ್ಯವಾಗಿ ಆ ವರಮಾನದ ಆಸರೆಯಲ್ಲಿ ನಡೆಯುತ್ತವೆ. ಈ ಅಂಶವನ್ನು ಮರೆತರೆ ಮುಂದಿನ ಜಗಳಗಳೆಲ್ಲ ಕೇವಲ ದುರಾಸೆಯಾಗಿ ಕಾಣುವ ಸಂಭವವುಂಟು.

ಹಕ್ಕು ಯಾರದು?

1984ರವರೆಗೆ ಫುಟ್‌ಬಾಲ್ ಪ್ರಸಾರದ ಹಕ್ಕನ್ನು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ತನ್ನ ಕೈಯಲ್ಲಿಟ್ಟುಕೊಂಡಿತ್ತು. ಯಾವ ತಂಡದ ಪಂದ್ಯ ಎಷ್ಟು ಸಲ ಕಿರುತೆರೆಯಲ್ಲಿ ಬರಬೇಕೆಂಬುದಕ್ಕೂ ಮಿತಿಯಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿದವು. 1984ರ ಜೂನ್ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಈ ನಿರ್ಬಂಧವು 1890ರ ಶರ್ಮನ್ ಕಾಯಿದೆಗೆ ವಿರುದ್ಧವಾದ ಏಕಸ್ವಾಮ್ಯದ ನಡೆಯೆಂದು 7-2ರ ಬಹುಮತದಿಂದ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಒಂದು ಕಾಲದ ಹೆಸರಾಂತ ಕಾಲೇಜು ಫುಟ್‌ಬಾಲ್ ಆಟಗಾರರೆಂಬುದು ಸ್ವಾರಸ್ಯಕರ ಸಂಗತಿ.

ತೀರ್ಪಿನಿಂದ ಹಕ್ಕು ವಿಶ್ವವಿದ್ಯಾಲಯಗಳಿಗೆ ಮರಳಿತು. ಆದರೆ ಒಂದೇ ತಂಡ ತನ್ನ ಪಂದ್ಯಗಳನ್ನು ಮಾರಲು ಹೋದರೆ ಕೊಳ್ಳುವವರು ಬಹಳವಿರಲಾರರು. 1991ರಿಂದ ಎನ್‌ಬಿಸಿಯೊಡನೆ ಪ್ರತ್ಯೇಕ ಕರಾರು ನಡೆಸಿಕೊಂಡು ಬಂದ ನೋಟರ್‌ಡಾಮ್ ವಿಶ್ವವಿದ್ಯಾಲಯ ಇದಕ್ಕೆ ದೊಡ್ಡ ಅಪವಾದ. ಉಳಿದವರು ತಮ್ಮ ತಮ್ಮ ಕಾನ್ಫರೆನ್ಸುಗಳ ಮೂಲಕ ಒಟ್ಟಾಗಿ ಮಾರಾಟಕ್ಕೆ ಇಳಿದರು. ಒಳ್ಳೆಯ ತಂಡಗಳು ಹೆಚ್ಚಿದಷ್ಟೂ ಕಟ್ಟಿಗೆ ಬೆಲೆ ಹೆಚ್ಚು. ಆದುದರಿಂದ ಕಾನ್ಫರೆನ್ಸುಗಳು ಪರಸ್ಪರರ ಸದಸ್ಯರಿಗೆ ಗಾಳ ಹಾಕತೊಡಗಿದುದು ಸ್ವಾಭಾವಿಕ. 1992ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಹನ್ನೆರಡು ಸದಸ್ಯರೊಡನೆ ಪ್ರತ್ಯೇಕ ಅಂತಿಮ ಪಂದ್ಯ ಆರಂಭಿಸಿತು. 1996ರಲ್ಲಿ ಹಳೆಯ ಸೌತ್‌ವೆಸ್ಟ್ ಕಾನ್ಫರೆನ್ಸ್ ಮುಚ್ಚಿಹೋಗಿ ಅದರ ನಾಲ್ಕು ಸದಸ್ಯರು ಬಿಗ್ 12ಕ್ಕೆ ಸೇರಿದರು.

2007ರಲ್ಲಿ ಬಿಗ್ ಟೆನ್ ತನ್ನದೇ ಕೇಬಲ್ ವಾಹಿನಿಯನ್ನು ಆರಂಭಿಸಿದ ಮೇಲೆ ಲೆಕ್ಕ ಬದಲಾಯಿತು. ಕೇಬಲ್ ಚಂದಾದಾರರ ಪ್ರತಿ ಮನೆಯಿಂದ ತಿಂಗಳಿಗಿಷ್ಟು ಸೆಂಟುಗಳು ವಾಹಿನಿಗೆ ಬರುತ್ತಿದ್ದವು. ಆ ಮನೆಯವರು ಪಂದ್ಯ ನೋಡಲಿ, ಬಿಡಲಿ. ವಾಹಿನಿಯ ತವರು ಪ್ರದೇಶದಲ್ಲಿ ದರ ಹೆಚ್ಚು. ಮೈದಾನದಲ್ಲಿ ಅಂತಹ ಹೆಸರೇನೂ ಇರದಿದ್ದ ರಟ್ಗರ್ಸ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳನ್ನು ಬಿಗ್ ಟೆನ್ 2014ರಲ್ಲಿ ಸೇರಿಸಿಕೊಂಡುದು ಈ ಕಾರಣಕ್ಕೇ ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಒಂದು ನ್ಯೂಯಾರ್ಕ್ ನಗರದ ನೆರೆಯದು, ಇನ್ನೊಂದು ವಾಷಿಂಗ್ಟನ್ ರಾಜಧಾನಿಯ ನೆರೆಯದು. ತಂಡಕ್ಕಿಂತ ಮನೆಗಳ ಸಂಖ್ಯೆಯೇ ಕೊಳ್ಳಲ್ಪಟ್ಟಿತೆನ್ನಬಹುದು.

ಸಮಪಾಲೋ, ಅರ್ಹತೆಯ ಪಾಲೋ?

ಬಂದ ಹಣವನ್ನು ಹಂಚುವ ರೀತಿ ಎರಡು. ಎಲ್ಲರಿಗೂ ಸಮ, ಇಲ್ಲವೆ ಹೆಚ್ಚು ನೋಡುಗರನ್ನು ತಂದವರಿಗೆ ಹೆಚ್ಚು. ಬಿಗ್ 12 ಆರಂಭದಲ್ಲಿ ಎರಡನೆಯ ದಾರಿಯನ್ನು ಭಾಗಶಃ ಹಿಡಿದು, ವರಮಾನದ ಒಂದು ಅಂಶವನ್ನು ಪ್ರಸಾರವಾದ ಪಂದ್ಯಗಳ ಸಂಖ್ಯೆಗೆ ಅನುಗುಣವಾಗಿ ಹಂಚುತ್ತಿತ್ತು. ಅದಕ್ಕೆ ಮಿಗಿಲಾಗಿ, 2011ರ ಜನವರಿಯಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯವು ಇಎಸ್‌ಪಿಎನ್ ಸಂಸ್ಥೆಯೊಡನೆ 20 ವರ್ಷಗಳಿಗೆ 30 ಕೋಟಿ ಡಾಲರುಗಳ ಸ್ವಂತ ವಾಹಿನಿಯ ಒಪ್ಪಂದವನ್ನು ಪ್ರಕಟಿಸಿತು. ಉಳಿದ ಸದಸ್ಯರ ಅಸಮಾಧಾನ ಅಡಗಲಿಲ್ಲ. 2011 ಮತ್ತು 2012ರಲ್ಲಿ ನೆಬ್ರಾಸ್ಕಾ, ಕೊಲೊರಾಡೊ, ಟೆಕ್ಸಾಸ್ ಎ ಆ್ಯಂಡ್ ಎಂ, ಮಿಸೌರಿ, ಹೀಗೆ ನಾಲ್ವರು ಹೊರನಡೆದರು. ಉಳಿದವರು ಸಮಪಾಲಿನತ್ತ ಸರಿದರು. ಆದರೆ ಸಮಪಾಲು ದೊಡ್ಡವರನ್ನು ಉಳಿಸಿಕೊಳ್ಳಲಿಲ್ಲ. 2021ರ ಜುಲೈನಲ್ಲಿ ಟೆಕ್ಸಾಸ್ ಮತ್ತು ಒಕ್ಲಹೋಮಾ ಎರಡೂ ಸೌತ್‌ಈಸ್ಟರ್ನ್ ಕಡೆಗೆ ಹೊರಟವು. ಒಂದು ವರ್ಷ ಮುಂಚಿತವಾಗಿ, 2024ರಲ್ಲೇ, ಬಿಡುಗಡೆ ಪಡೆಯಲು ಒಟ್ಟು 10 ಕೋಟಿ ಡಾಲರ್ ತೆರಲು ಒಪ್ಪಿದವು.

ನಮ್ಮಲ್ಲಿ ಐಪಿಎಲ್ ಕೇಂದ್ರ ನಿಧಿಯ ಹಂಚಿಕೆಯನ್ನು ಬಲ್ಲವರಿಗೆ ವ್ಯತ್ಯಾಸ ಕೂಡಲೇ ಹೊಳೆಯುತ್ತದೆ. ಬೆಂಗಳೂರಿನ ತಂಡ ಪಾಲು ಸಾಲದೆಂದು ಮುನಿದು ಬೇರೊಂದು ಲೀಗಿಗೆ ಹೋಗುವಂತಿಲ್ಲ. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಆ ಬಾಗಿಲು ತೆರೆದಿದೆ. ಕಾನ್ಫರೆನ್ಸ್ ಲಾಭರಹಿತ ಸಂಸ್ಥೆಯಾದುದರಿಂದ ಹೊರಹೋಗುವವನಿಗೆ ಮಾರಲು ಷೇರೂ ಇಲ್ಲ, ಕೇಳಲು ಸುನಾಮದ ಮೌಲ್ಯವೂ ಇಲ್ಲ. ಉಳಿಯುವವರಿಗೆ ಇರುವ ರಕ್ಷಣೆ ಕರಾರಿನಿಂದಲೇ ಬರಬೇಕು.

ನಿರ್ಗಮನ ಶುಲ್ಕ ಮತ್ತು ಹಕ್ಕು ಹಸ್ತಾಂತರ

ಈ ರಕ್ಷಣೆಯ ಮೊದಲ ಮೆಟ್ಟಿಲು ನಿರ್ಗಮನ ಶುಲ್ಕ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ 2012ರ ಸೆಪ್ಟೆಂಬರಿನಲ್ಲಿ ಅದನ್ನು ತನ್ನ ವಾರ್ಷಿಕ ಕಾರ್ಯನಿರ್ವಹಣಾ ಆಯವ್ಯಯದ ಮೂರು ಪಟ್ಟಿಗೆ ಏರಿಸಿತು. ವಿರೋಧವಾಗಿ ಮತ ಹಾಕಿದವು ಎರಡೇ: ಮೇರಿಲ್ಯಾಂಡ್ ಮತ್ತು ಫ್ಲಾರಿಡಾ ಸ್ಟೇಟ್. ಸುಮಾರು ಎರಡು ತಿಂಗಳಲ್ಲಿ ಮೇರಿಲ್ಯಾಂಡ್ ಹೊರಡುವುದಾಗಿ ಸಾರಿತು. ಆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ಕೊರತೆಯಲ್ಲಿದ್ದು, ಅದೇ ವರ್ಷ ಏಳು ತಂಡಗಳನ್ನು ರದ್ದುಪಡಿಸಿತ್ತೆಂಬುದನ್ನು ಗಮನಿಸಬೇಕು. ಕಾನ್ಫರೆನ್ಸ್ ಕೇಳಿದುದು 5.22 ಕೋಟಿ ಡಾಲರ್. 2014ರಲ್ಲಿ ರಾಜಿಯಾದಾಗ, ಅದು ಅದಾಗಲೇ ತಡೆಹಿಡಿದಿದ್ದ ಸುಮಾರು 3.14 ಕೋಟಿ ಡಾಲರುಗಳಿಗೆ ಲೆಕ್ಕ ಚುಕ್ತವಾಯಿತು. ಶುಲ್ಕವು ದಂಡದ ಸ್ವರೂಪದ್ದಾದರೆ ನ್ಯಾಯಾಲಯದಲ್ಲಿ ಪೂರ್ತಿ ನಿಲ್ಲುವುದು ಕಷ್ಟವೆಂಬ ಅರಿವು ಎರಡೂ ಕಡೆಗೆ ಇದ್ದಿರಬೇಕು.

ಎರಡನೆಯ ಮೆಟ್ಟಿಲು ಇನ್ನೂ ಬಿಗಿಯಾದುದು. ಹಕ್ಕು ಹಸ್ತಾಂತರ ಕರಾರಿನ ಪ್ರಕಾರ ಪ್ರತಿ ಸದಸ್ಯನೂ ತನ್ನ ತವರಿನ ಪಂದ್ಯಗಳ ಪ್ರಸಾರ ಹಕ್ಕನ್ನು ನಿಗದಿತ ಅವಧಿಗೆ ಕಾನ್ಫರೆನ್ಸಿಗೆ ವಹಿಸಿಕೊಡುತ್ತಾನೆ. ಸದಸ್ಯತ್ವ ತ್ಯಜಿಸಿದರೂ ಹಕ್ಕು ಹಿಂದಿರುಗುವುದಿಲ್ಲ. ಅಂದರೆ ಹೊಸ ಒಕ್ಕೂಟಕ್ಕೆ ಬರಿಗೈಯಲ್ಲಿ ಹೋಗಬೇಕು. ಮಾರಲು ಸರಕಿಲ್ಲದ ವರ್ತಕನನ್ನು ಯಾರು ಪಾಲುದಾರನಾಗಿ ಸೇರಿಸಿಕೊಂಡಾರು? ಅಟ್ಲಾಂಟಿಕ್ ಕೋಸ್ಟ್ ಸದಸ್ಯರು 2013ರಲ್ಲಿ ಇದಕ್ಕೆ ಸಹಿ ಹಾಕಿ, 2016ರಲ್ಲಿ ಅವಧಿಯನ್ನು 2036ರವರೆಗೆ ವಿಸ್ತರಿಸಿದರು. ಬೇರೆ ಕಾನ್ಫರೆನ್ಸುಗಳು ಹೊಸ ಬೆಲೆಗೆ ಕರಾರು ನವೀಕರಿಸಿಕೊಳ್ಳುತ್ತ ಹೋದಾಗ ಇವರು ಹಳೆಯ ದರಕ್ಕೆ ಕಟ್ಟುಬಿದ್ದರು. 2023ರ ಫೆಬ್ರವರಿಯಲ್ಲಿ ಫ್ಲಾರಿಡಾ ಸ್ಟೇಟ್‌ನ ಕ್ರೀಡಾ ನಿರ್ದೇಶಕರು ತಮ್ಮ ಧರ್ಮದರ್ಶಿ ಮಂಡಲಿಯ ಮುಂದೆ ಎರಡು ಅಂಕಿಗಳನ್ನಿಟ್ಟರು: ಒಕ್ಕೂಟದ ಪ್ರಸಾರ ಮೌಲ್ಯಕ್ಕೆ ತಮ್ಮ ಕೊಡುಗೆ ಸುಮಾರು ಶೇ. 15, ತಮಗೆ ಸಿಗುವ ಪಾಲು ಸುಮಾರು ಶೇ. 7.

ಅದೇ ಡಿಸೆಂಬರಿನಲ್ಲಿ, ಒಂದು ಪಂದ್ಯವನ್ನೂ ಸೋಲದ ಅದರ ಫುಟ್‌ಬಾಲ್ ತಂಡಕ್ಕೆ ರಾಷ್ಟ್ರೀಯ ಅಂತಿಮ ಸುತ್ತಿನಲ್ಲಿ ಸ್ಥಾನ ಸಿಗಲಿಲ್ಲ. ವ್ಯಾಜ್ಯ ಆರಂಭವಾಯಿತು. ಹೊರಹೋಗಲು ಒಟ್ಟು 57.2 ಕೋಟಿ ಡಾಲರ್ ತೆರಬೇಕಾಗುವುದೆಂದು ಫ್ಲಾರಿಡಾ ಸ್ಟೇಟ್ ಲೆಕ್ಕ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಕ್ಲೆಮ್ಸನ್ ಕೂಡ ದಾವೆ ಹೂಡಿತು. ವಿಚಾರಣೆಯ ವೇಳೆ ಹೊರಬಂದ ಒಂದು ದೂರು ಲೆಕ್ಕಪರಿಶೋಧಕರ ಹುಬ್ಬೇರಿಸುವಂತಹದು. ಇಎಸ್‌ಪಿಎನ್‌ನೊಡನೆಯ ಮೂಲ ಕರಾರಿನ ಪ್ರತಿ ಸದಸ್ಯ ವಿಶ್ವವಿದ್ಯಾಲಯಗಳ ಬಳಿ ಇರಲಿಲ್ಲ. ನೋಡಬೇಕಾದವರು ಕಾನ್ಫರೆನ್ಸಿನ ಕಚೇರಿಗೆ ಹೋಗಿ ನೋಡಿ ಬರಬೇಕಿತ್ತು. ಸಾರ್ವಜನಿಕ ಹಣದ ಸಂಸ್ಥೆಯೊಂದು ಎರಡು ದಶಕಗಳ ವರಮಾನವನ್ನು ಬರೆದುಕೊಟ್ಟು ಪತ್ರವನ್ನೇ ಇಟ್ಟುಕೊಳ್ಳದಿರುವುದು ಎಲ್ಲಿಯ ಜಾಣತನ?

2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಮೂಲ ಪ್ರಸಾರ ವರಮಾನದ ಶೇ. 40 ಸಮನಾಗಿ, ಶೇ. 60 ಐದು ವರ್ಷಗಳ ಸರಾಸರಿ ವೀಕ್ಷಣೆಯ ಆಧಾರದ ಮೇಲೆ ಹಂಚಿಕೆ. ನಿರ್ಗಮನ ಶುಲ್ಕ 16.5 ಕೋಟಿಯಿಂದ ಆರಂಭವಾಗಿ ವರ್ಷಕ್ಕೆ 1.8 ಕೋಟಿಯಂತೆ ಇಳಿದು 2030-31ಕ್ಕೆ 7.5 ಕೋಟಿ ಡಾಲರಿಗೆ ನಿಲ್ಲುವುದು. ತೆತ್ತವರಿಗೆ ಪ್ರಸಾರದ ಹಕ್ಕೂ ಹಿಂದಿರುಗುವುದು. ಹೀಗೆ ವೀಕ್ಷಣೆಯೇ ಪಾಲಿನ ಮಾನದಂಡವಾದ ಮೇಲೆ ಚಿಕ್ಕ ಸದಸ್ಯರ ಪಾಡು ಊಹಿಸತಕ್ಕದ್ದೇ. ಆದರೂ ಅವರು ಒಪ್ಪಿದರು. ದೊಡ್ಡವರಿಬ್ಬರು ಹೋದರೆ ಉಳಿಯುವ ಕಟ್ಟಿನ ಬೆಲೆ ಅವರಿಗೆ ಗೊತ್ತಿತ್ತು.

ಪ್ಯಾಕ್-12ರ ಉಳಿದ ಆಸ್ತಿ

ಆ ಭಯಕ್ಕೆ ಆಧಾರ ಪಶ್ಚಿಮ ಕರಾವಳಿಯಲ್ಲಿತ್ತು. ಪ್ಯಾಕ್-12 ಸಮಪಾಲನ್ನು ಅನುಸರಿಸುತ್ತಿತ್ತು. 2012ರಲ್ಲಿ ಪಾಲುದಾರರಿಲ್ಲದೆ ಪೂರ್ಣ ಸ್ವಂತ ಬಂಡವಾಳದಲ್ಲಿ ವಾಹಿನಿಯನ್ನೂ ಸ್ಥಾಪಿಸಿತ್ತು. ವಾಹಿನಿ ನಿರೀಕ್ಷಿತ ವರಮಾನ ತರಲಿಲ್ಲ. ಮೇಲಾಗಿ, ಕೇಬಲ್ ಸಂಸ್ಥೆ ಕಾಮ್‌ಕಾಸ್ಟ್ ಹಲವು ವರ್ಷ ಸುಮಾರು 5 ಕೋಟಿ ಡಾಲರ್ ಹೆಚ್ಚುವರಿಯಾಗಿ ಪಾವತಿಸಿತ್ತೆಂಬುದು 2023ರ ಜನವರಿಯಲ್ಲಿ ಬಹಿರಂಗವಾಗಿ, ವಿಷಯವನ್ನು ಮಂಡಲಿಗೆ ತಿಳಿಸದ ಕಾರಣ ಇಬ್ಬರು ಹಿರಿಯ ಅಧಿಕಾರಿಗಳು ಕೆಲಸ ಕಳೆದುಕೊಂಡರು. ವರಮಾನವೆಂದು ಹಂಚಿಹೋದ ಹಣ ಹೊಣೆಯಾಗಿ ತಿರುಗಿ ಬಂದಿತು.

2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ಬಿಗ್ ಟೆನ್ ಸೇರುವುದಾಗಿ ಪ್ರಕಟಿಸಿದವು. ಆ ಕಾನ್ಫರೆನ್ಸ್ ಅದೇ ಆಗಸ್ಟ್‌ನಲ್ಲಿ ಏಳು ವರ್ಷಗಳಿಗೆ 700 ಕೋಟಿ ಡಾಲರಿಗೂ ಮಿಕ್ಕಿದ್ದೆಂದು ವರದಿಯಾದ ಪ್ರಸಾರ ಕರಾರು ಮಾಡಿಕೊಂಡಿತು. 2023ರ ಬೇಸಿಗೆಯಲ್ಲಿ ಪ್ಯಾಕ್-12ಕ್ಕೆ ಸಿಕ್ಕ ಮುಖ್ಯ ಪ್ರಸ್ತಾವ ಆ್ಯಪಲ್‌ನ ಅಂತರ್ಜಾಲ ಪ್ರಸಾರದ್ದು; ಚಂದಾದಾರರ ಸಂಖ್ಯೆಯನ್ನು ಅವಲಂಬಿಸಿದ್ದು. ಸದಸ್ಯರು ಒಬ್ಬೊಬ್ಬರಾಗಿ ಎದ್ದು ಹೋದರು. ಆರಿಗನ್ ಮತ್ತು ವಾಷಿಂಗ್ಟನ್ ಕಡಿಮೆ ಪಾಲಿಗೆ ಒಪ್ಪಿ ಬಿಗ್ ಟೆನ್ ಸೇರಿದವು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿ ಅಟ್ಲಾಂಟಿಕ್ ಕೋಸ್ಟ್ ಸೇರಿದವು! ಶಾಂತಸಾಗರದ ದಡದ ವಿದ್ಯಾರ್ಥಿಗಳು ಅಟ್ಲಾಂಟಿಕ್ ಹೆಸರಿನ ಪಂದ್ಯಗಳಿಗಾಗಿ ಖಂಡ ದಾಟಬೇಕು. ಫುಟ್‌ಬಾಲ್ ಆಟಗಾರರಷ್ಟೇ ಅಲ್ಲ, ವಾಲಿಬಾಲ್ ಆಟಗಾರ್ತಿಯರೂ.

ಉಳಿದವು ವಾಷಿಂಗ್ಟನ್ ಸ್ಟೇಟ್ ಮತ್ತು ಆರಿಗನ್ ಸ್ಟೇಟ್. ಪುಲ್‌ಮನ್ ಮತ್ತು ಕೊರ್ವಾಲಿಸ್ ಎಂಬ ಸಣ್ಣ ಪಟ್ಟಣಗಳಲ್ಲಿ ಇವುಗಳ ನೆಲೆ. ತವರಿನ ಪಂದ್ಯವಿರುವ ಶನಿವಾರಗಳ ವ್ಯಾಪಾರವನ್ನೇ ನೆಚ್ಚಿದ ವಸತಿಗೃಹ ಮತ್ತು ಉಪಾಹಾರ ಗೃಹಗಳಿಗೆ, ಯಾವ ಎದುರಾಳಿ ಬರುತ್ತಾನೆಂಬುದು ಕ್ರೀಡೆಯ ಪ್ರಶ್ನೆಯಷ್ಟೇ ಅಲ್ಲ. ಇಬ್ಬರೂ ನ್ಯಾಯಾಲಯದ ಮೊರೆಹೊಕ್ಕರು. ಪ್ರಶ್ನೆ ಸರಳ: ಒಕ್ಕೂಟದ ಖಾತೆಯಲ್ಲಿರುವ ಹಣವನ್ನು ಹೊರಡುತ್ತಿರುವ ಹತ್ತು ಮಂದಿ ಬಹುಮತದಿಂದ ಹಂಚಿಕೊಂಡು ಹೋಗಬಹುದೆ? ಉಪನಿಯಮದ ಪ್ರಕಾರ 2024ರ ಆಗಸ್ಟ್‌ಗೆ ಮುನ್ನ ನಿರ್ಗಮನದ ಸೂಚನೆ ಕೊಟ್ಟ ಸದಸ್ಯ ಮಂಡಲಿಯ ಸ್ಥಾನ ಕಳೆದುಕೊಳ್ಳುತ್ತಾನೆ. ಯುಎಸ್‌ಸಿ, ಯುಸಿಎಲ್‌ಎ ಮತ್ತು ಕೊಲೊರಾಡೊಗಳನ್ನು ಇದೇ ನಿಯಮದಡಿ ಮಂಡಲಿಯಿಂದ ಹೊರಗಿಟ್ಟಿದ್ದ ಉಳಿದವರು, ತಮ್ಮ ಸರದಿ ಬಂದಾಗ ನಿಯಮ ಅನ್ವಯಿಸದೆಂದು ವಾದಿಸಿದರು. 2023ರ ನವೆಂಬರಿನಲ್ಲಿ ವಿಟ್‌ಮನ್ ಕೌಂಟಿಯ ನ್ಯಾಯಾಲಯ ಮಂಡಲಿಯ ಅಧಿಕಾರವನ್ನು ಉಳಿದಿಬ್ಬರಿಗೇ ಕೊಟ್ಟಿತು. ಡಿಸೆಂಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಮಧ್ಯಪ್ರವೇಶಿಸಲು ನಿರಾಕರಿಸಿತು. ರಾಜಿಯ ಪ್ರಕಾರ ಹೊರಟವರಿಂದ ತಲಾ 65 ಲಕ್ಷ, ಒಟ್ಟು 6.5 ಕೋಟಿ ಡಾಲರ್ ಒಕ್ಕೂಟದಲ್ಲಿ ಉಳಿಯಿತು. ಹಿಂದೆ ಗಳಿಸಿದ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಬಾಬ್ತು ಆರು ವರ್ಷ ಕಂತುಗಳಲ್ಲಿ ಬರುವಂತಹದು, ಅದೂ ಒಕ್ಕೂಟಕ್ಕೇ. ಈ ಆಸ್ತಿಯ ಬಲದಿಂದ ಇಬ್ಬರೂ 2026ಕ್ಕೆ ಒಕ್ಕೂಟವನ್ನು ಮರಳಿ ಕಟ್ಟಲು ಹೊಸ ಸದಸ್ಯರನ್ನು ಸೆಳೆದರು. ಹಾಗೆ ಸೆಳೆದುದು ಮೌಂಟನ್ ವೆಸ್ಟ್ ಎಂಬ ಇನ್ನೊಂದು ಒಕ್ಕೂಟದಿಂದ, ಅದಕ್ಕೂ ವ್ಯಾಜ್ಯವಾಯಿತು.

ಯುಸಿಎಲ್‌ಎ ಮತ್ತು ಬರ್ಕ್‌ಲಿ ಎರಡಕ್ಕೂ ಆಡಳಿತ ಮಂಡಲಿ ಒಂದೇ. ಒಬ್ಬ ಮಗನ ಏಳಿಗೆಯಿಂದ ಇನ್ನೊಬ್ಬನಿಗೆ ನಷ್ಟವಾದಾಗ ಮನೆಯ ಯಜಮಾನ ಮಾಡುವುದನ್ನೇ ಮಂಡಲಿ 2024ರಲ್ಲಿ ಮಾಡಿತು: ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರಿನಂತೆ ಮೂರು ವರ್ಷ ಬರ್ಕ್‌ಲಿಗೆ ಕೊಡತಕ್ಕದ್ದು.

ಆಟಗಾರರ ಪಾಲು

ಇಷ್ಟೆಲ್ಲ ಹಂಚಿಕೆಯಲ್ಲಿ ಆಟಗಾರರ ಹೆಸರು ಬಹುಕಾಲ ಬಂದಿರಲಿಲ್ಲ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅನುಮೋದಿಸಿದ ರಾಜಿಯಂತೆ ಹಿಂದಿನ ಬಾಕಿಯಾಗಿ ಹತ್ತು ವರ್ಷಗಳಲ್ಲಿ 280 ಕೋಟಿ ಡಾಲರ್ ಸಲ್ಲಬೇಕು. ಅದಲ್ಲದೆ 2025-26ರಿಂದ ವಿಶ್ವವಿದ್ಯಾಲಯಗಳು, ಮೊದಲ ವರ್ಷಕ್ಕೆ ತಲಾ 2.05 ಕೋಟಿ ಡಾಲರುಗಳ ಮಿತಿಯಲ್ಲಿ, ನೇರವಾಗಿ ಆಟಗಾರರಿಗೆ ಹಂಚಬಹುದು. ಬಾಕಿಯ ಒಂದು ಭಾಗವನ್ನು ಎನ್‌ಸಿಎಎ ಹಂಚಿಕೆಯಲ್ಲಿ ಕಡಿತದ ಮೂಲಕ ಭರಿಸುವುದರಿಂದ, ದೊಡ್ಡ ಫುಟ್‌ಬಾಲಿನ ಹಣವನ್ನು ಎಂದೂ ಕಾಣದ ಸಣ್ಣ ಸಂಸ್ಥೆಗಳೂ ಅದರ ಭಾರ ಹೊರಬೇಕಾಗಿದೆ. ಮಹಿಳಾ ಆಟಗಾರ್ತಿಯರ ಪಾಲು ತೀರ ಕಡಿಮೆಯೆಂದು ಮೇಲ್ಮನವಿಗಳೂ ಸಲ್ಲಿಕೆಯಾದವು.

ಬಿಗ್ ಟೆನ್ ಒಕ್ಕೂಟದ ಪ್ರಸಾರ ಕರಾರು 2029-30ರ ಋತುವಿಗೆ, ಬಿಗ್ 12ರದು 2030-31ಕ್ಕೆ ಮುಗಿಯುವುದು. ಅಟ್ಲಾಂಟಿಕ್ ಕೋಸ್ಟ್‌ನ ನಿರ್ಗಮನ ಶುಲ್ಕ ಕನಿಷ್ಠ ಮಟ್ಟಕ್ಕೆ ಇಳಿಯುವುದೂ ಅದೇ 2030-31ರಲ್ಲಿ.