‘ಬ್ಯಾಳಿ’ ಅಂದ್ರ ತಪ್ಪಲ್ಲ: ಮಾತು ಕಲಿಸೋರು ಕಡಿಮೆ ಇದ್ದ ಕಡೆ ಮಾತು ಕಲಿಸೋದು ಹೆಂಗ?

ಸಂಜಿ ಆರಕ್ಕೆ ಜಗತ್ ಸರ್ಕಲ್‌ನಾಗ ಚಹಾ ಹಿಡ್ಕೊಂಡು ಐದು ನಿಮಿಷ ಸುಮ್ನ ನಿಂತು ನೋಡ್ರಿ. ಒಂದು ಕಿವಿಗೆ ನಮ್ಮ ಕನ್ನಡ, ಇನ್ನೊಂದಕ್ಕೆ ದಖನಿ. ಹಿಂದಿನಿಂದ ಮರಾಠಿ, ಆಟೋದೊಳಗಿಂದ ತೆಲುಗು, ಬಸ್ ಹಿಡಿಯೋ ಗಡಿಬಿಡಿಯಲ್ಲಿರೋ ತಾಂಡಾದ ಮಂದಿಯಿಂದ ಲಂಬಾಣಿ. ನಮ್ಮೂರಾಗ ಮಾತಿಗೇನು ಬರ ಇಲ್ಲ. ಆದರೆ ಇಷ್ಟೆಲ್ಲ ಮಾತಿನ ನಡುವೆ ಬೆಳೆಯೋ ಒಂದು ಕೂಸು, ಮೂರು ವರ್ಷ ತುಂಬಿದರೂ ಮಾತಾಡಲಿಲ್ಲ ಅಂದ್ರ ಏನು ಮಾಡಬೇಕು?

“ಅವರಪ್ಪನೂ ತಡಾ ಮಾಡೇ ಮಾತಾಡಿದ್ದ, ಬಿಡ್ರಿ” ಅನ್ನೋದು ಮನೆಯ ಹಿರಿಯರ ಮೊದಲ ಉತ್ತರ. ಬಜೆ ತೇಯ್ದು ನಾಲಿಗೆಗೆ ಹಚ್ಚೋದು ಎರಡನೇದು. ಹರಕೆ ಮೂರನೇದು. ಎಲ್ಲವೂ ಪ್ರೀತಿಯಿಂದ ಮಾಡೋದೇ. ಆದರೆ ಇವುಗಳಲ್ಲೇ ಒಂದೆರಡು ವರ್ಷ ಕಳೆದುಹೋಗುತ್ತವೆ. ಮೆದುಳು ಭಾಷೆಯನ್ನು ಅತ್ಯಂತ ಸಲೀಸಾಗಿ ಕಲಿಯೋದು ಬದುಕಿನ ಮೊದಲ ಕೆಲವು ವರ್ಷಗಳಲ್ಲಿ. ಬ್ಯಾಕ್‌ಲಾಗ್ ಇದ್ರ ಮುಂದಿನ ಸೆಮಿಸ್ಟರ್‌ನಾಗ ಬರೀಬಹುದು, ಈ ವರ್ಷಗಳಿಗೆ ಮಾತ್ರ ಸಪ್ಲಿಮೆಂಟರಿ ಇಲ್ಲ.

ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಭಾಷೆಯ ಬಗ್ಗೆ ಬಹಳ ಬರೆದಿದ್ದೇವೆ. ಈ ಸಲ ಭಾಷೆಯೇ ಬಾರದವರ ಬಗ್ಗೆ, ಅವರ ಜೊತೆ ಕೆಲಸ ಮಾಡೋ ವಾಕ್ ಮತ್ತು ಭಾಷಾ ಥೆರಪಿಸ್ಟ್‌ಗಳ ಬಗ್ಗೆ ಬರೆಯೋಣ ಅಂದುಕೊಂಡೆವು.

ಇವರ ಕೆಲಸ ಏನು?

‘ಸ್ಪೀಚ್ ಥೆರಪಿ’ ಅಂದಕೂಡಲೇ ತೊದಲೋದನ್ನು ಸರಿಮಾಡೋದು ಅಂತ ನಮ್ಮ ತಲೆಗೆ ಬರುತ್ತದೆ. ಅದು ಕೆಲಸದ ಒಂದು ಮೂಲೆ ಅಷ್ಟೇ. ಕಿವಿ ಕೇಳದ ಕೂಸು, ಸೀಳು ಅಂಗುಳದ ಆಪರೇಷನ್ ಆದ ಕೂಸು, ಆಟಿಸಂ ಇರೋ ಹುಡುಗ, ಸೆರೆಬ್ರಲ್ ಪಾಲ್ಸಿಯಿಂದ ಬಾಯಿಯ ಸ್ನಾಯು ಹಿಡಿತಕ್ಕೆ ಸಿಗದ ಹುಡುಗಿ, ಪಾರ್ಶ್ವವಾಯು ಹೊಡೆದ ಮೇಲೆ ಹೆಂಡತಿಯ ಹೆಸರೂ ನಾಲಿಗೆಗೆ ಬಾರದ ಅಜ್ಜ, ಎಲ್ಲರೂ ಇವರ ಬಳಿ ಬರುತ್ತಾರೆ. ನುಂಗೋ ತೊಂದರೆಯನ್ನೂ ಇವರೇ ನೋಡುತ್ತಾರೆ. ಅನ್ನನಾಳಕ್ಕೆ ಹೋಗಬೇಕಾದ ನೀರು ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಿ ಜೀವಕ್ಕೇ ಕುತ್ತು ಬರಬಹುದು.

ನಮ್ಮ ಕಾನೂನು ಈ ತೊಂದರೆಗಳನ್ನು ಗುರುತಿಸಿದ್ದೇ ತಡವಾಗಿ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳ ಪಟ್ಟಿಯಲ್ಲಿ ಮಾತು-ಭಾಷೆಯ ತೊಂದರೆಗೆ ಪ್ರತ್ಯೇಕ ಜಾಗವೇ ಇರಲಿಲ್ಲ. ಪಟ್ಟಿಯನ್ನು 21ಕ್ಕೆ ಏರಿಸಿದ 2016ರ ಕಾಯ್ದೆಯಲ್ಲಿ ಅದಕ್ಕೆ ಹೆಸರು ಸಿಕ್ಕಿತು.

ಏಳುನೂರು ಕಿಲೋಮೀಟರ್

ಕರ್ನಾಟಕದ ಮಟ್ಟಿಗೆ ಈ ವಿದ್ಯೆಯ ತವರು ಮೈಸೂರು. ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾಯಿತು. ದೇಶದ ಮೂಲೆಮೂಲೆಯ ಥೆರಪಿಸ್ಟ್‌ಗಳು ಅಲ್ಲಿ ಓದಿದ್ದಾರೆ. ನಮಗೂ ಅಭಿಮಾನ ಇದೆ. ಆದರೆ ಮ್ಯಾಪ್ ತೆಗೆದು ನೋಡಿದ್ರ ಕಲಬುರಗಿಯಿಂದ ಮೈಸೂರಿಗೆ ಏಳುನೂರು ಕಿಲೋಮೀಟರ್ ಆಸುಪಾಸು. ಬಸವ ಎಕ್ಸ್‌ಪ್ರೆಸ್ ಹತ್ತಿದ್ರ ಇಡೀ ರಾತ್ರಿ ರೈಲಿನಾಗೇ.

ದೂರದ ಲೆಕ್ಕ ಯಾಕೆ ಹೇಳ್ತೀವಿ ಅಂದ್ರ, ಥೆರಪಿ ಒಂದು ಸಲದ ಇಂಜೆಕ್ಷನ್ ಅಲ್ಲ. ಅದು ವಾರವಾರ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬೇಕು. ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ದಾರಿ, ಅಷ್ಟೇ. ಆದರೆ ಅಲ್ಲಿನ ತಾಂಡಾದಿಂದ ಒಬ್ಬ ತಾಯಿ ಕೂಸಿನ ಜೊತೆ ವಾರಕ್ಕೊಮ್ಮೆ ಶಹರಕ್ಕೆ ಬರಬೇಕು ಅಂದ್ರ ಬಸ್ ಚಾರ್ಜಿನ ಮಾತು ಬಿಡ್ರಿ, ಒಂದು ದಿನದ ಕೂಲಿ ಹೋಗುತ್ತದೆ. ತೊಗರಿ ರಾಶಿ ನಡೆಯೋ ಹೊತ್ತಿಗೆ ಆ ದಿನದ ಬೆಲೆ ಇನ್ನೂ ಜಾಸ್ತಿ. ಎರಡು ವಾರ ಬಂದು ಮೂರನೇ ವಾರ ಬರಲಿಲ್ಲ ಅಂದ್ರ ಅದು ತಾಯಿಯ ಅಸಡ್ಡೆ ಅಲ್ಲ, ಲೆಕ್ಕ.

ಮೊದಲು ಕಿವಿ

ಮಾತು ಬಾರದ ಕೂಸಿಗೆ ಮೊದಲು ನೋಡಬೇಕಾದ್ದು ಬಾಯಿ ಅಲ್ಲ, ಕಿವಿ. ಇಲ್ಲೊಂದು ಚಂದದ ಎಂಜಿನಿಯರಿಂಗ್ ಇದೆ. ಹುಟ್ಟಿದ ಕೂಸನ್ನು ‘ಕೇಳಸ್ತದೇನು?’ ಅಂತ ಕೇಳೋಕೆ ಆಗೋದಿಲ್ಲ. ಆದರೆ 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಒಂದು ಸಂಗತಿ ತೋರಿಸಿಕೊಟ್ಟರು: ಆರೋಗ್ಯವಾದ ಒಳಗಿವಿ ಶಬ್ದವನ್ನು ಕೇಳೋದಷ್ಟೇ ಅಲ್ಲ, ತಾನೂ ಅತಿ ಸಣ್ಣ ಶಬ್ದವನ್ನು ವಾಪಸ್ ಹೊರಡಿಸುತ್ತದೆ. ಕಿವಿಯಲ್ಲಿ ಪುಟ್ಟ ಮೈಕ್ ಇಟ್ಟು, ಮತ್ತೆಮತ್ತೆ ‘ಕ್ಲಿಕ್’ ಕೊಟ್ಟು, ಬಂದ ಉತ್ತರಗಳ ಸರಾಸರಿ ತೆಗೆದರೆ ಗದ್ದಲದೊಳಗಿಂದ ಆ ಸಿಗ್ನಲ್ ಎದ್ದು ಬರುತ್ತದೆ. N ಸಲ ಸರಾಸರಿ ತೆಗೆದರೆ ನಾಯ್ಸ್ ವರ್ಗಮೂಲ N ಪಟ್ಟು ಇಳಿಯುತ್ತದೆ ಅಂತ ಸಿಗ್ನಲ್ಸ್ ಕ್ಲಾಸಿನಲ್ಲಿ ಬರೆದುಕೊಂಡಿದ್ದೆವಲ್ಲ, ಅದೇ ಸೂತ್ರ ಇಲ್ಲಿ ಮಲಗಿದ ಕೂಸಿನ ಕಿವಿಯೊಳಗೆ ಕೆಲಸ ಮಾಡುತ್ತದೆ. ಸಿಗ್ನಲ್ ಸಿಗಲಿಲ್ಲ ಅಂದ್ರ ಕೂಸು ಕಿವುಡು ಅಂತಲ್ಲ, ಮುಂದಿನ ಪರೀಕ್ಷೆ ಬೇಕು ಅಂತ ಅರ್ಥ.

ಜಗತ್ತಿನಾದ್ಯಂತ ಒಪ್ಪಿರೋ ಗುರಿ 1-3-6. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪತ್ತೆ, ಆರು ತಿಂಗಳೊಳಗೆ ನೆರವು ಶುರು. ಮೂರು ವರ್ಷ ತುಂಬಿದ ಮೇಲೆ ಮೊದಲ ಸಲ ಕಿವಿ ಪರೀಕ್ಷೆಗೆ ಹೋಗೋ ಕೂಸು ಎಷ್ಟು ಹಿಂದೆ ಉಳಿದಿರುತ್ತದೆ ಅಂತ ನೀವೇ ಲೆಕ್ಕ ಹಾಕ್ರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಉದ್ದೇಶಗಳಲ್ಲಿ ಇದೂ ಒಂದು. ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು, ತೊಂದರೆ ಕಂಡರೆ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು.

ಮಷೀನ್ ಬಂತು, ಮಾತು ಬರಲಿಲ್ಲ

ಪತ್ತೆಯಾಯಿತು, ಶಿಬಿರವೂ ಆಯಿತು, ಹಾರ-ತುರಾಯಿ ನಡುವೆ ಶ್ರವಣ ಸಾಧನ ಕೈಗೆ ಬಂತು ಅಂತಿಟ್ಟುಕೊಳ್ರಿ. ಆರು ತಿಂಗಳ ಮೇಲೆ ಅದು ಟ್ರಂಕಿನೊಳಗೆ ಇದ್ದರೆ ಆಶ್ಚರ್ಯವಿಲ್ಲ. ಬ್ಯಾಟರಿ ತೀರಿದ್ರ ಹತ್ತಿರದಲ್ಲಿ ಸಿಗೋದಿಲ್ಲ. ಕೂಸು ಬೆಳೆದಂತೆ ಕಿವಿಯೂ ಬೆಳೆದು ಇಯರ್ ಮೋಲ್ಡ್ ಸಡಿಲಾಗಿ ‘ಕುಂಯ್’ ಅಂತ ಫೀಡ್‌ಬ್ಯಾಕ್ ಹೊಡೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಕಾರಣ, ಸಾಧನ ಶಬ್ದವನ್ನಷ್ಟೇ ಒಳಗೆ ಬಿಡುತ್ತದೆ. ಆ ಶಬ್ದಕ್ಕೆ ಅರ್ಥ ಕಲಿಸೋದು ಥೆರಪಿ. ಕಾಕ್ಲಿಯರ್ ಇಂಪ್ಲಾಂಟ್‌ನದ್ದೂ ಇದೇ ಕಥೆ. ಸರ್ಕಾರದ ಯೋಜನೆಗಳಲ್ಲಿ ಆಪರೇಷನ್ ಉಚಿತವಾಗಿ ಆಗಬಹುದು. ಅದು ಒಂದು ದಿನದ ಕೆಲಸ, ಆಮೇಲಿನ ತರಬೇತಿ ವರ್ಷಗಳದ್ದು. ಹಾರ್ಡ್‌ವೇರ್ ಕೊಟ್ಟು ಸಾಫ್ಟ್‌ವೇರ್ ಹಾಕದೆ ‘ಪ್ರಾಜೆಕ್ಟ್ ಕಂಪ್ಲೀಟ್’ ಅಂತ ರಿಪೋರ್ಟ್ ಬರೆದಂತೆ ಆಗಬಾರದು.

ಯಾವ ಭಾಷೆಯಲ್ಲಿ ಪರೀಕ್ಷೆ?

ಥೆರಪಿಸ್ಟ್ ಸಿಕ್ಕರು ಅಂತಲೇ ಇಟ್ಟುಕೊಳ್ಳೋಣ. ಈಗ ನಮ್ಮ ಭಾಗದ ನಿಜವಾದ ಗಂಟು ಬಿಚ್ಚುತ್ತದೆ.

ಮಕ್ಕಳ ಉಚ್ಚಾರಣೆ ನೋಡಲು ಚಿತ್ರ ತೋರಿಸಿ ‘ಇದೇನು?’ ಅಂತ ಕೇಳುತ್ತಾರೆ. ಕನ್ನಡದಲ್ಲಿ ಇಂಥ ಉಚ್ಚಾರಣಾ ಪರೀಕ್ಷೆ 1972ರಷ್ಟು ಹಿಂದೆಯೇ ಮೈಸೂರಿನಲ್ಲಿ ತಯಾರಾಗಿತ್ತು. ದೇಶದ ಎಷ್ಟೋ ಭಾಷೆಗಳಿಗೆ ಏನೂ ಇಲ್ಲದಿದ್ದಾಗ ಮಾಡಿದ ದೊಡ್ಡ ಕೆಲಸ ಅದು. ಆದರೆ ಪುಸ್ತಕದ ಕನ್ನಡವನ್ನೇ ಅಳತೆಗೋಲು ಮಾಡಿಕೊಂಡು ಕೂತವರ ಮುಂದೆ ಕಮಲಾಪುರದ ಕೂಸು ಬೇಳೆಯ ಚಿತ್ರ ನೋಡಿ ‘ಬ್ಯಾಳಿ’ ಅನ್ನುತ್ತದೆ. ಮನೆಗೆ ‘ಮನಿ’, ಕುದುರೆಗೆ ‘ಕುದರಿ’. ಹಾಳೆಯ ಮೇಲೆ ಸಾಲಾಗಿ ಸ್ವರದ ತಪ್ಪುಗಳು! ಕೂಸು ಹೇಳಿದ್ದು ನೂರಕ್ಕೆ ನೂರು ಸರಿ, ತನ್ನ ಅವ್ವ ಹೇಳೋ ಹಾಗೇ ಹೇಳಿದೆ. ಇಲ್ಲದ ದೋಷವನ್ನು ಇದೆ ಅಂದುಕೊಳ್ಳೋದು ಒಂದು ಅಪಾಯ. ‘ಹಳ್ಳಿ ಕಡೆ ಹಿಂಗ ಮಾತಾಡ್ತಾರ’ ಅಂತ ಇರೋ ದೋಷವನ್ನು ಬಿಟ್ಟುಬಿಡೋದು ಅದಕ್ಕಿಂತ ದೊಡ್ಡ ಅಪಾಯ. ಎರಡನ್ನೂ ತಪ್ಪಿಸಲು ಊರಿನ ಮಾತು ಗೊತ್ತಿರಬೇಕು.

ತಾಂಡಾದ ಕೂಸಿನ ವಿಷಯದಲ್ಲಿ ಇದು ಇನ್ನೂ ಕಠಿಣ. ಮನೆಯಲ್ಲಿ ಲಂಬಾಣಿ, ಅಂಗನವಾಡಿಯಲ್ಲಿ ಕನ್ನಡ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ಎಣಿಸಿದ್ದು ಹಿಂದಿಯ ಗುಂಪಿನಲ್ಲಿ. ಹಾಗಂತ ಹಿಂದಿ ಪರೀಕ್ಷೆ ತಂದು ಆ ಕೂಸಿನ ಮುಂದೆ ಇಟ್ಟರೆ ಏನು ಪ್ರಯೋಜನ? ಜೊತೆಗೆ ಒಂದು ಪುಕ್ಕಟೆ ಸಲಹೆ ಎಲ್ಲ ಕಡೆ ಸಿಗುತ್ತದೆ: “ಮನ್ಯಾಗ ನಿಮ್ಮ ಭಾಷಾ ಬಿಡ್ರಿ, ಕೂಸು ಗೊಂದಲ ಆಗ್ತದ.” ಎರಡು ಭಾಷೆ ಕೇಳಿ ಬೆಳೆಯೋದರಿಂದ ಭಾಷಾ ತೊಂದರೆ ಬರೋದಿಲ್ಲ ಅಂತ ಸಂಶೋಧನೆಗಳು ಮತ್ತೆಮತ್ತೆ ಹೇಳಿವೆ. ತಾಯಿಗೆ ಸಲೀಸಾಗಿ ಬರೋ ಭಾಷೆಯನ್ನೇ ಬಿಡಿಸಿದರೆ ಕೂಸಿಗೆ ಸಿಗುತ್ತಿದ್ದ ಮಾತೇ ಕಡಿಮೆಯಾಗುತ್ತದೆ.

ಉಗಾಂಡಾದಿಂದ ಭೀಮಾ ತೀರದವರೆಗೆ

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಬಡ ದೇಶಗಳಲ್ಲಿ ಬಹಳ ಕಾಲ ನಡೆದದ್ದು, ಹೊರದೇಶದ ಥೆರಪಿಸ್ಟ್ ವಿಮಾನದಲ್ಲಿ ಬಂದು ಕೆಲವು ವಾರ ಕೆಲಸ ಮಾಡಿ ಹೋಗೋದು. ಅವರು ಹೋದ ಮೇಲೆ ಏನು ಉಳಿಯುತ್ತದೆ ಅನ್ನೋದೇ ಪ್ರಶ್ನೆ. ಅದಕ್ಕೆ ಒಂದು ಉತ್ತರ ಉಗಾಂಡಾದಲ್ಲಿದೆ. 2008ರಲ್ಲಿ ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಪದವಿ ಕೋರ್ಸ್ ಶುರುವಾಯಿತು. ಅಕ್ಕಪಕ್ಕದ ದೇಶದವರೂ ಬಂದು ಓದಿದರು. ತಮ್ಮ ಜನರ ಭಾಷೆ, ಊಟ, ಮನೆತನ ಗೊತ್ತಿರೋ ಥೆರಪಿಸ್ಟ್‌ಗಳು ಅಲ್ಲೇ ತಯಾರಾಗತೊಡಗಿದರು.

ನಿರಾಶ್ರಿತರ ಶಿಬಿರಗಳಲ್ಲಿ ಪ್ರಶ್ನೆ ಇನ್ನೂ ತೀಕ್ಷ್ಣ. ರುವಾಂಡಾದ ಶಿಬಿರಗಳಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಜೊತೆ ಸೇರಿ, ಮಾತಿನ ತೊಂದರೆ ಇರೋರ ಮೇಲೆ ಆಗೋ ಲೈಂಗಿಕ ದೌರ್ಜನ್ಯದ ಬಗ್ಗೆ ಕೆಲಸ ಮಾಡಿದರು. ಏನಾಯಿತು ಅಂತ ಹೇಳಲು ಆಗದವರಿಗೆ ಡಾಕ್ಟರು, ಪೊಲೀಸು, ಕೋರ್ಟು ಎಲ್ಲವೂ ಮುಚ್ಚಿದ ಬಾಗಿಲೇ. ಇಲ್ಲಿ ಮಾತು ಅಂದ್ರ ನ್ಯಾಯ.

ಅದು ಎಲ್ಲೋ ದೂರದ್ದು ಅನ್ನಬ್ಯಾಡ್ರಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ನಮ್ಮ ಜಿಲ್ಲೆಯ ಹಳ್ಳಿಗಳ ಜನ ಕಾಳಜಿ ಕೇಂದ್ರಗಳಿಗೆ ಬಂದರು. ಅಂಥ ಗದ್ದಲದಲ್ಲಿ ಮಾತು ಬಾರದ ಒಬ್ಬರು ತಮ್ಮ ಹೆಸರು, ಊರು, ದಿನಾ ತಗೊಳ್ಳೋ ಗುಳಿಗೆ, ಹೊಟ್ಟೆನೋವು ಇವನ್ನೆಲ್ಲ ಹೇಗೆ ಹೇಳಬೇಕು? ಮೇಲಾಗಿ ಅದು ಕೊರೊನಾ ಕಾಲ, ಮಾಸ್ಕ್ ಹಾಕಿದ್ರ ತುಟಿ ನೋಡಿ ತಿಳಿಯೋರಿಗೆ ಆ ದಾರಿಯೂ ಬಂದ್. ಇಪ್ಪತ್ತು ಚಿತ್ರಗಳಿರೋ ಒಂದು ಲ್ಯಾಮಿನೇಟೆಡ್ ಹಾಳೆ ಇದ್ದರೂ ಎಷ್ಟೋ ಕೆಲಸ ಆಗುತ್ತದೆ.

ಕೈ ಬದಲಾಗೋ ವಿದ್ಯೆ

ಇದೆಲ್ಲದರಿಂದ ನಮಗೆ ತಿಳಿದದ್ದು ಇಷ್ಟು. ಥೆರಪಿಸ್ಟ್‌ಗಳು ಕಡಿಮೆ ಇದ್ದ ಕಡೆ, ಒಳ್ಳೆಯ ಥೆರಪಿಸ್ಟ್ ಅಂದ್ರ ಅತಿ ಹೆಚ್ಚು ಮಕ್ಕಳಿಗೆ ತಾನೇ ಥೆರಪಿ ಕೊಡೋರಲ್ಲ, ತನ್ನ ವಿದ್ಯೆಯನ್ನು ಇನ್ನೊಬ್ಬರ ಕೈಗೆ ದಾಟಿಸೋರು. ವಾರಕ್ಕೆ 45 ನಿಮಿಷ ಥೆರಪಿಸ್ಟ್ ಜೊತೆ, ಉಳಿದ ಹೊತ್ತೆಲ್ಲ ಅವ್ವ, ಅಜ್ಜಿ, ಅಂಗನವಾಡಿ ಅಕ್ಕನ ಜೊತೆ. ಕಲಿಕೆ ನಡೆಯೋದು ಆ ಉಳಿದ ಹೊತ್ತಿನಲ್ಲಿ.

ಆ ವಿದ್ಯೆ ಹೇಗಿರುತ್ತದೆ ಅಂತ ಒಂದು ಉದಾಹರಣೆ. ಕಮಲಾಪುರದ ಕೆಂಪು ಬಾಳೆಹಣ್ಣು ಕಟ್ಟೆಯ ಮೇಲಿದೆ, ಕೂಸು ಬೆರಳು ತೋರಿಸುತ್ತದೆ. ನಾವಾದ್ರ ತಟ್ಟನೆ ಕೊಟ್ಟುಬಿಡ್ತೀವಿ, ಇಲ್ಲಾ ‘ಬಾಳೆಹಣ್ಣು ಅನ್ನು, ಅನ್ನು’ ಅಂತ ಕಾಡ್ತೀವಿ. ಥೆರಪಿಸ್ಟ್ ತಾಯಿಗೆ ಕಲಿಸೋದು ಬೇರೆ. ಕೂಸಿನ ಎತ್ತರಕ್ಕೆ ಕೂಡ್ರು, ಅದರ ಮುಖ ನೋಡು. ‘ಹಣ್ಣ?’ ಅಂತ ಕೇಳಿ ಮನಸಿನೊಳಗೆ ಹತ್ತು ಎಣಿಸು, ಕಾಯಿ. ಕೂಸು ‘ಅಣ್ಣ’ ಅಂದರೂ ಸಾಕು, ಖುಷಿಪಟ್ಟು ಒಂದು ಪದ ಸೇರಿಸಿ ವಾಪಸ್ ಕೊಡು: ‘ಹಾಂ, ಕೆಂಪ್ ಹಣ್ಣ!’ ಮಷೀನಿಲ್ಲ, ಕರೆಂಟಿಲ್ಲ, ಯಾವ ಭಾಷೆಯಲ್ಲಾದರೂ ನಡೆಯುತ್ತದೆ. ಬೇಕಾದ್ದು ಇದನ್ನು ಮಾಡಿ ತೋರಿಸಿ, ತಿದ್ದಿ, ಮುಂದಿನ ಹೆಜ್ಜೆ ಹೇಳೋ ಒಬ್ಬರು.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಹಳ್ಳಿಹಳ್ಳಿಗೆ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಇದ್ದಾರೆ. ಎಷ್ಟೋ ದೇಶಗಳಿಗೆ ಈ ಜಾಲವೇ ಇಲ್ಲ. ಆದರೆ ಈಗಾಗಲೇ ಹತ್ತು ರಿಜಿಸ್ಟರ್ ತುಂಬೋರ ಕೈಗೆ ಹನ್ನೊಂದನೇದು ಕೊಟ್ಟು ‘ಥೆರಪಿ ಮಾಡ್ರಿ’ ಅಂದ್ರ ಆಗೋದಿಲ್ಲ. ತರಬೇತಿ, ಸಮಯ, ಮೇಲೊಬ್ಬ ಥೆರಪಿಸ್ಟ್‌ನ ಬೆನ್ನಾಸರೆ, ಮೂರೂ ಬೇಕು.

ಕೈಗವಸು ಸಾಕ್ರಿ

ಈಗ ನಮ್ಮ ಸರದಿ. ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟ್‌ಗಳಲ್ಲಿ ‘ಸಂಜ್ಞಾ ಭಾಷೆಯನ್ನು ಮಾತಾಗಿಸೋ ಕೈಗವಸು’ ಒಂದಾದರೂ ಇದ್ದೇ ಇರುತ್ತದೆ. ಫ್ಲೆಕ್ಸ್ ಸೆನ್ಸರ್, ಆರ್ಡುಯಿನೋ, ಸ್ಪೀಕರ್. 2016ರಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳ ಇಂಥದ್ದೇ ಕೈಗವಸಿಗೆ ದೊಡ್ಡ ಬಹುಮಾನವೂ ಬಂತು. ಆದರೆ ಕಿವುಡ ಸಮುದಾಯದವರೇ ಅದನ್ನು ಟೀಕಿಸಿದರು. ಸಂಜ್ಞಾ ಭಾಷೆಯ ವ್ಯಾಕರಣ ಬೆರಳಿನಲ್ಲಷ್ಟೇ ಇಲ್ಲ, ಹುಬ್ಬು, ಮುಖ, ಭುಜದಲ್ಲೂ ಇದೆ. ಅದನ್ನು ಕೈಗವಸು ಹೇಗೆ ಓದೀತು?

ಇದಕ್ಕೆ ಎದುರಾಗಿ ಚೆನ್ನೈನ ‘ಆವಾಜ್’ ನೋಡ್ರಿ. ಐಐಟಿ ಮದ್ರಾಸಿನಲ್ಲಿ ಓದಿದ ಅಜಿತ್ ನಾರಾಯಣನ್ ಚಿತ್ರ ಮುಟ್ಟಿದರೆ ಮಾತಾಡೋ ಈ ಸಾಧನವನ್ನು ಕಟ್ಟಿದ್ದು ವಿದ್ಯಾಸಾಗರ್ ಅನ್ನೋ ಶಾಲೆಯ ಮಕ್ಕಳು, ಶಿಕ್ಷಕರ ಜೊತೆ ಕೂತು. ಅಲ್ಲಿ ಮೊದಲು ಬಂದದ್ದು ಬಳಸೋರು, ಆಮೇಲೆ ಸರ್ಕ್ಯೂಟ್.

ನಮ್ಮ ಕೈಲಾಗೋದು ಸಣ್ಣದಿರಬಹುದು. ಜಿಲ್ಲೆಯ ಥೆರಪಿಸ್ಟ್ ಒಬ್ಬರನ್ನು ಕಂಡು ‘ನಿಮಗೇನು ಬೇಕು?’ ಅಂತ ಕೇಳೋದು. ಅವರು ಹೇಳಿದಂತೆ ರೊಟ್ಟಿ, ಬ್ಯಾಳಿ, ಬಾವಿ, ಟಂಟಂ ಇರೋ ಚಿತ್ರಫಲಕ ಮಾಡಿ, ನಮ್ಮ ಹಾಸ್ಟೆಲಿನ ಲಂಬಾಣಿ, ದಖನಿ, ತೆಲುಗು ಮಾತಾಡೋ ಗೆಳೆಯ-ಗೆಳತಿಯರ ದನಿಯಲ್ಲಿ ಅದಕ್ಕೆ ಧ್ವನಿ ಕೊಡೋದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಆಡುಮಾತಿನ ದತ್ತಾಂಶ ಕೂಡಿಸಿದೆ. ಮಷೀನಿಗೆ ಊರ ಮಾತು ಕಲಿಸೋ ಹೊತ್ತಿನಲ್ಲಿ ಕೂಸಿನ ಊರ ಮಾತನ್ನು ನಾವು ತಪ್ಪು ಅನ್ನಬಾರದಲ್ಲ?

ಇನ್ನೂ ಸಣ್ಣದೊಂದಿದೆ, ಇವತ್ತೇ ಮಾಡಬಹುದು. ವರ್ಷ ತುಂಬೋ ಹೊತ್ತಿಗೆ ಒಂದೆರಡು ಪದ, ಎರಡು ವರ್ಷಕ್ಕೆ ‘ಅವ್ವಾ ಬಾ’, ‘ನೀರ್ ಬೇಕು’ ಥರ ಎರಡು ಪದ ಜೋಡಿಸೋದು, ಮೂರಕ್ಕೆ ಪುಟ್ಟ ವಾಕ್ಯ. ಊರಿಗೆ ಹೋದಾಗ ನಿಮ್ಮ ಓಣಿಯ ಯಾವುದಾದರೂ ಕೂಸು ಇದಕ್ಕಿಂತ ಬಹಳ ಹಿಂದಿದ್ರ, ‘ಅವರಪ್ಪನೂ ಹಂಗೇ ಇದ್ದ’ ಅನ್ನೋರ ನಡುವೆ ನೀವೊಬ್ಬರು ಮೆಲ್ಲಗೆ ಹೇಳ್ರಿ: “ಕಾಕು, ಒಮ್ಮೆ ಕಿವಿ ತೋರಿಸಿಕೊಂಡು ಬರೋಣ ನಡೀರಿ, ನಾನೂ ಬರ್ತೀನಿ.”