ಪರದೇಶದಲ್ಲಿ ನುಡಿಯ ಮನೆಗಳು

ಒಂದು ರಾಷ್ಟ್ರವು ತನ್ನ ನುಡಿಯನ್ನು ಪರದೇಶದವರಿಗೆ ಕಲಿಸುವುದಕ್ಕಾಗಿ ತನ್ನ ಬೊಕ್ಕಸದ ಹಣವನ್ನೇಕೆ ವೆಚ್ಚಮಾಡಬೇಕು? ವ್ಯಾಪಾರಕ್ಕಾಗಿ ಎಂದರೆ ಅರ್ಧ ಉತ್ತರವಾದೀತು. ಇಂತಹ ಸಂಸ್ಥೆಗಳಲ್ಲಿ ಹಿರಿಯದಾದ ‘ಅಲಿಯಾನ್ಸ್ ಫ್ರಾನ್ಸೇಜ್’ ಹುಟ್ಟಿದ ಸಮಯವನ್ನು ನೋಡಿದರೆ ಉಳಿದರ್ಧವೂ ಹೊಳೆಯುತ್ತದೆ. 1870-71ರ ಯುದ್ಧದಲ್ಲಿ ಫ್ರಾನ್ಸ್ ದೇಶವು ಜರ್ಮನರಿಗೆ ಸೋತು, ನೆಲವನ್ನೂ ಮಾನವನ್ನೂ ಕಳೆದುಕೊಂಡಿತ್ತು. ಹನ್ನೆರಡು ವರ್ಷಗಳ ಮೇಲೆ, 1883ರಲ್ಲಿ, ಪ್ಯಾರಿಸಿನ ಗಣ್ಯರು ಕೆಲವರು ಸೇರಿ ಈ ಸಂಘವನ್ನು ಕಟ್ಟಿದರು. ವಿಜ್ಞಾನಿ ಪಾಸ್ತರ್, ಸೂಯೆಜ್ ಕಾಲುವೆಯ ಲೆಸೆಪ್ಸ್, ಕಾದಂಬರಿಕಾರ ಜೂಲ್ ವೆರ್ನ್ ಇವರೆಲ್ಲ ಅದಕ್ಕೆ ಹೆಗಲು ಕೊಟ್ಟವರು. ವಸಾಹತುಗಳಲ್ಲಿ ಫ್ರೆಂಚನ್ನು ಹರಡುವ ಉದ್ದೇಶವು ಸಂಘದ ಮೊದಲಿನ ಹೆಸರಿನಲ್ಲಿಯೇ ಸ್ಪಷ್ಟವಾಗಿದ್ದಿತು, ಅದನ್ನು ಮರೆಮಾಚಬೇಕಾಗಿಲ್ಲ.

ಆದರೆ ಅದರ ಕಟ್ಟಡದಲ್ಲಿ ಒಂದು ಜಾಣತನವಿತ್ತು. ಪರದೇಶದ ಒಂದೊಂದು ಶಾಖೆಯೂ ಸಾಮಾನ್ಯವಾಗಿ ಆಯಾ ದೇಶದ ಕಾನೂನಿಗೆ ಒಳಪಟ್ಟ ಪ್ರತ್ಯೇಕ ಸಂಘ. ಆಡಳಿತ ಮಂಡಲಿಯಲ್ಲಿ ಆ ಊರಿನವರೇ ಕುಳಿತಿರುತ್ತಾರೆ. ವೆಚ್ಚದ ಬಹುಭಾಗ ವಿದ್ಯಾರ್ಥಿಗಳ ಶುಲ್ಕದಿಂದ ಬರುತ್ತದೆ. ಬೆಂಗಳೂರಿನ ಶಾಖೆಯನ್ನು ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಅಲ್ಲಿ ಅತಿಥಿ ಯಾರು, ಮನೆಯವರು ಯಾರು ಎಂದು ಹೇಳುವುದು ಕಷ್ಟ.

ಈ ಅಂತರವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಜರ್ಮನಿಯ ಕಥೆಯೇ ಸಾಕು. 1925ರಲ್ಲಿ ಮ್ಯೂನಿಕ್ ನಗರದಲ್ಲಿ ‘ಜರ್ಮನ್ ಅಕಾಡೆಮಿ’ ಸ್ಥಾಪಿತವಾಯಿತು. ಪರದೇಶದ ಜರ್ಮನ್ ಉಪಾಧ್ಯಾಯರಿಗೆ ಶಿಕ್ಷಣ ಕೊಡುವುದಕ್ಕಾಗಿ ಅದು 1932ರಲ್ಲಿ ಗೋಯಥೆಯ ಹೆಸರಿನಲ್ಲಿ ಒಂದು ವಿಭಾಗವನ್ನು ತೆರೆಯಿತು. ಮರುವರ್ಷವೇ ಹಿಟ್ಲರನ ಆಳ್ವಿಕೆ ಬಂದಿತು. ವ್ಯಾಕರಣ ಕಲಿಸುತ್ತಿದ್ದ ಸಂಸ್ಥೆಯು ಮೆಲ್ಲಮೆಲ್ಲನೆ ಸರ್ಕಾರದ ಬಾಯಿಯಾಗಿ, 1941ರಲ್ಲಿ ಪ್ರಚಾರಮಂತ್ರಿಯ ಅಧೀನಕ್ಕೆ ಹೋಯಿತು. ಸೈನ್ಯವು ಗೆದ್ದ ನಾಡುಗಳಲ್ಲಿ ಅದರ ತರಗತಿಗಳು ನಡೆದವು. 1945ರಲ್ಲಿ ಅಮೆರಿಕದವರು ಅದನ್ನು ವಿಸರ್ಜಿಸಿದರು. ಗೋಯಥೆಯ ಭಾಷೆಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಆ ಭಾಷೆಯನ್ನು ಕಲಿಸಲು ಬಂದವನನ್ನು ಜಗತ್ತು ಸಂಶಯದಿಂದ ನೋಡುವಂತಾಯಿತು.

1951ರಲ್ಲಿ ಹುಟ್ಟಿದ ಇಂದಿನ ‘ಗೋಯಥೆ ಇನ್‌ಸ್ಟಿಟ್ಯೂಟ್’ ಸಂಘರೂಪವನ್ನು ತಾಳಿತು. ಹಣದ ದೊಡ್ಡ ಪಾಲು ಸರ್ಕಾರದ್ದೇ. ಆದರೂ 1976ರ ಒಪ್ಪಂದದಂತೆ ಸಂಸ್ಥೆಯು ತನ್ನ ಕಾರ್ಯಕ್ರಮಗಳನ್ನು ತಾನೇ ರೂಪಿಸುತ್ತದೆ. ಭಾರತದಲ್ಲಿ ಅದು ಇಟ್ಟುಕೊಂಡ ಹೆಸರು ಮಾಕ್ಸ್ ಮುಲ್ಲರ್ ಭವನ. ಮುಲ್ಲರ್ ಮಹಾಶಯನು ಈ ದೇಶಕ್ಕೆ ಒಮ್ಮೆಯೂ ಬಂದವನಲ್ಲ, ಆಕ್ಸ್‌ಫರ್ಡಿನಲ್ಲಿ ಕುಳಿತು ಋಗ್ವೇದವನ್ನು ಪ್ರಕಟಿಸಿದವನು. ಅವನು ವೇದದೊಡನೆ ಅಚ್ಚುಹಾಕಿಸಿದ್ದು ವಿಜಯನಗರದ ಸಾಯಣಾಚಾರ್ಯರ ಭಾಷ್ಯವನ್ನು. ಹೀಗೆ ನಮ್ಮಿಂದ ಕಲಿತವನ ಹೆಸರಿನಲ್ಲಿ ಅವರು ನಮಗೆ ಕಲಿಸಲು ಬಂದರು. ಇದು ಬರಿಯ ಸೌಜನ್ಯವಲ್ಲ, ನೀತಿಯೂ ಹೌದು.

ಬ್ರಿಟಿಷ್ ಕೌನ್ಸಿಲಿನ ವಿಚಾರವನ್ನು ವಿಸ್ತರಿಸುವುದು ಬೇಡ. ಅದು 1934ರಲ್ಲಿ ಹುಟ್ಟಿ, 1940ರಲ್ಲಿ ರಾಜಶಾಸನವನ್ನು ಪಡೆಯಿತು. ಈಗ ಅದರ ಆದಾಯದ ಹೆಚ್ಚಿನ ಪಾಲು ಇಂಗ್ಲಿಷ್ ಪಾಠ ಮತ್ತು ಪರೀಕ್ಷೆಗಳಿಂದ ಬರುತ್ತದೆ. ಇಂಗ್ಲಿಷಿನ ಮೂಲಕವೇ ವಿದ್ಯೆ ಪಡೆದ ನನ್ನಂತಹವರಿಗೆ ಇದು ಆಶ್ಚರ್ಯವೇನಲ್ಲ: ಅಧಿಕಾರ ಹೊರಟುಹೋದ ಮೇಲೂ ಅಗತ್ಯ ಉಳಿಯಿತು.

ಚೀನಾದೇಶವು ಬೇರೆಯ ದಾರಿ ಹಿಡಿಯಿತು. 2004ರಲ್ಲಿ ಸೋಲ್ ನಗರದಲ್ಲಿ ಆರಂಭವಾದ ಕನ್‌ಫ್ಯೂಷಿಯಸ್ ಸಂಸ್ಥೆಗಳು ಬಹುಮಟ್ಟಿಗೆ ಪರದೇಶದ ವಿಶ್ವವಿದ್ಯಾನಿಲಯಗಳ ಆವರಣದೊಳಗೇ ನೆಲೆಸಿದವು. ಕಟ್ಟಡ ಅತಿಥೇಯರದು, ಉಪಾಧ್ಯಾಯರು, ಪುಸ್ತಕಗಳು, ಹಣದ ಒಂದು ಪಾಲು ಚೀನಾದ್ದು. ಅಗ್ಗವೂ ಹೌದು, ಶೀಘ್ರವೂ ಹೌದು. ಆದರೆ 2014ರ ಜುಲೈ ತಿಂಗಳಲ್ಲಿ ಪೋರ್ಚುಗಲ್ ದೇಶದ ಬ್ರಾಗಾ ನಗರದಲ್ಲಿ ಯೂರೋಪಿನ ಚೀನಾಧ್ಯಯನ ವಿದ್ವಾಂಸರ ಸಮ್ಮೇಳನ ನಡೆದಾಗ, ಈ ಸಂಸ್ಥೆಗಳ ಮುಖ್ಯಾಧಿಕಾರಿಣಿಯ ಅಪ್ಪಣೆಯಂತೆ ಕಾರ್ಯಕ್ರಮ ಪುಸ್ತಕದ ಕೆಲವು ಹಾಳೆಗಳನ್ನು ಕಿತ್ತುಹಾಕಲಾಯಿತು. ಸಮ್ಮೇಳನಕ್ಕೆ ನೆರವಿತ್ತ ತೈವಾನಿನ ಪ್ರತಿಷ್ಠಾನವೊಂದರ ವಿವರ ಅವುಗಳಲ್ಲಿದ್ದಿತು. ವಿದ್ವಾಂಸರು ಬಹಿರಂಗವಾಗಿ ಪ್ರತಿಭಟಿಸಿದರು. ಅದೇ ವರ್ಷ ಷಿಕಾಗೋ ವಿಶ್ವವಿದ್ಯಾನಿಲಯವು ಒಪ್ಪಂದದ ಮಾತುಕತೆಯನ್ನು ನಿಲ್ಲಿಸಿತು. ಅಮೆರಿಕದಲ್ಲಿ ನೂರನ್ನು ಮೀರಿದ್ದ ಸಂಸ್ಥೆಗಳು, 2018ರ ಕಾನೂನಿನ ತರುವಾಯ, ಬೆರಳೆಣಿಕೆಗೆ ಇಳಿದವು. ಚೀನೀ ಭಾಷೆಯನ್ನು ಪ್ರೀತಿಯಿಂದ ಕಲಿಸುತ್ತಿದ್ದ ಉಪಾಧ್ಯಾಯರೂ, ಕಲಿಯುತ್ತಿದ್ದ ಹುಡುಗರೂ ಇದರಲ್ಲಿ ನಷ್ಟಪಟ್ಟರೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಭಾರತವು ಈ ಕೆಲಸವನ್ನು 1950ರಲ್ಲಿ ಕೈಗೊಂಡಿತು. ಮೌಲಾನಾ ಆಜಾದರು ಸ್ಥಾಪಿಸಿದ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಇಂದು ವಿದೇಶಾಂಗ ಖಾತೆಗೆ ಸೇರಿದೆ. ಅದರ ಕೇಂದ್ರಗಳಲ್ಲಿ ಯೋಗ, ನೃತ್ಯ, ಸಂಗೀತ, ಹಿಂದಿ ಇವುಗಳಿಗೆ ಪ್ರಾಶಸ್ತ್ಯ. ಹತ್ತಾರು ಸಾಹಿತ್ಯಗಳುಳ್ಳ ದೇಶವು ಪರದೇಶದಲ್ಲಿ ಒಂದೇ ಕಂಠದಿಂದ ಮಾತನಾಡಬೇಕಾದಾಗ ಉಳಿದ ಕಂಠಗಳು ಹಿಂದೆ ನಿಲ್ಲುವುದು ಸಹಜ. ಸಹಜವಾದುದೆಲ್ಲ ನ್ಯಾಯವೆಂದು ಮಾತ್ರ ನಾನು ಒಪ್ಪಲಾರೆ. ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರು ವಾರಾಂತ್ಯಗಳಲ್ಲಿ ಕನ್ನಡ ತರಗತಿಗಳನ್ನು ನಡೆಸುತ್ತಾರೆ. ಅವು ಬಹುಮಟ್ಟಿಗೆ ತಮ್ಮ ಮಕ್ಕಳಿಗಾಗಿ. ಕನ್ನಡವನ್ನು ಅರಿಯದ ಪರದೇಶೀಯನೊಬ್ಬನು ಅದನ್ನು ಕಲಿಯಬೇಕೆಂದು ಬಯಸಿದರೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇಂದಿಗೂ ಅವನ ಮೇಜಿನ ಮೇಲೆ ಇರತಕ್ಕದ್ದೇ. ಅದನ್ನು ರಚಿಸಿದವರು ಜರ್ಮನರು.